ಬಿದ್ದಾವೇನ್ರಿ?

ಇವತ್ತು ಮುಂಜಾನೆ ಭೀಮಾ ಹೊಳೆಗೆ ಗಾಳ ಇಳಿಬಿಟ್ಟು ನಾನಿನ್ನೂ ಸರಿಯಾಗಿ ಕೂತಿರಲಿಲ್ಲ, ಮೇಲಿನ ದಾರಿಯಲ್ಲಿ ಒಂದು ಮೋಟರ್‌ಸೈಕಲ್ ನಿಂತಿತು. ಹಿಂದೆ ಆಚೆಗೊಂದು ಈಚೆಗೊಂದು ಹಾಲಿನ ಕ್ಯಾನು. ಸವಾರ ಎಂಜಿನ್ ಬಂದ್ ಮಾಡಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಆಚೆ ದಂಡೆಗೂ ಕೇಳಿಸುವ ಹಾಗೆ “ಬಿದ್ದಾವೇನ್ರಿ ಕಾಕಾ?” ಅಂದ. ಇಲ್ಲ ಎಂದು ಕೈ ಆಡಿಸಿದೆ. “ಹಂಗಾರ ಇವತ್ತ ಬೀಳಾಂಗಿಲ್ಲ ಬಿಡ್ರಿ” ಎಂದು ಭವಿಷ್ಯ ನುಡಿದು, ಗೇರು ಹಾಕಿ ಹೋಗಿಬಿಟ್ಟ.

ಅವನು ನನಗೆ ಪರಿಚಯದವನಲ್ಲ. ಕೊರಳಲ್ಲಿದ್ದ ಕರಡಿಗೆ ನೋಡಿದರೆ ಮೀನು ತಿನ್ನುವ ಮನೆಯವನೂ ಅಲ್ಲ. ಹಾಲು ಡೇರಿಗೆ ಮುಟ್ಟಿಸುವ ಅವಸರ ಬೇರೆ. ಇಷ್ಟಿದ್ದರೂ ಅಫಜಲಪುರದ ಒಬ್ಬ ಮುದುಕನ ಗಾಳಕ್ಕೆ ಏನಾದರೂ ಬಿದ್ದಿದೆಯೋ ಇಲ್ಲವೋ ಎಂಬುದನ್ನು ಇತ್ಯರ್ಥ ಮಾಡದೆ ಮುಂದೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ದರ್ಜಿಯ ಅಂಗಡಿ ಮುಂದೆ ಗಾಡಿ ನಿಲ್ಲಿಸಿ “ಎಷ್ಟ ಹೊಲಿದ್ರಿ?” ಎಂದು ಯಾರೂ ಕೇಳುವುದಿಲ್ಲ. ಗಾಳದವನನ್ನು ಮಾತ್ರ ಯಾರು ಬೇಕಾದರೂ ಕೇಳಬಹುದು. ಅವನ ಲೆಕ್ಕದ ಪುಸ್ತಕ ಬಯಲಲ್ಲಿ ತೆರೆದಿರುತ್ತದೆ, ಹಾದುಹೋಗುವವರೆಲ್ಲ ಅದರ ಆಡಿಟರುಗಳು. ಆ ಒಂದು ಪ್ರಶ್ನೆ ಬೆಳಗಿನಿಂದ ನನ್ನ ತಲೆಯಲ್ಲಿ ಕೂತಿದೆ. ಆದ್ದರಿಂದ ಈ ಬರೆಹ.

ಗಾಳ ಹಾಕುವುದು ತಾಳ್ಮೆ ಕಲಿಸುತ್ತದೆ, ಪ್ರಕೃತಿಯ ಮಡಿಲಿಗೆ ಮರಳಿಸುತ್ತದೆ ಇತ್ಯಾದಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಕ್ಯಾಲೆಂಡರಿನ ಹಾಳೆಗಳ ಮೇಲೆ ಚೆನ್ನಾಗಿಯೇ ಅಚ್ಚಾಗಿವೆ. ನನ್ನ ಅನುಭವದಲ್ಲಿ ಗಾಳ ತಾಳ್ಮೆಯನ್ನು ಕಲಿಸುವುದಕ್ಕಿಂತ ಹೆಚ್ಚಾಗಿ, ಇರುವ ತಾಳ್ಮೆಯನ್ನು ಖರ್ಚು ಮಾಡಿಸುತ್ತದೆ. ಅದೂ ಮೀನಿನಿಂದಲ್ಲ, ಜನರಿಂದ.

ಈಗ ಕಾಲ ಒಳ್ಳೆಯದು. ದಸರೆ ಮುಗಿದು ಸೀಗಿ ಹುಣ್ಣಿಮೆ ಬಂತೆಂದರೆ ನಮ್ಮ ಕಡೆ ಗಾಳದವರಿಗೆ ಸುಗ್ಗಿ. ಮಳೆಗಾಲವಿಡೀ ಹೊಳೆ ಎರೆಮಣ್ಣು ಕಲಸಿಕೊಂಡು ಹರಿಯುತ್ತದೆ. ಆ ಬಗ್ಗಡದಲ್ಲಿ ಮೀನಿಗೆ ಗಾಳದ ಹಿಟ್ಟು ಕಾಣದು, ಸೆಳವಿನಲ್ಲಿ ಬೆಂಡು ನಿಲ್ಲದು. ಹಸ್ತ, ಚಿತ್ತಿ ಮಳೆಗಳು ತಮ್ಮ ಪಾಲಿನದು ಸುರಿಸಿ, ರೈತರು ಹಿಂಗಾರಿ ಜೋಳ ಬಿತ್ತಿ ಕೈ ತೊಳೆದುಕೊಳ್ಳುವ ಹೊತ್ತಿಗೆ ನೀರು ಇಳಿಯುತ್ತದೆ, ತಿಳಿಯಾಗುತ್ತದೆ, ಅಲ್ಲಲ್ಲಿ ಮಡುಗಳಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಸೊರಗಿದ ಗೆಂಡೆಗಳು ಮತ್ತೆ ಮೈ ತುಂಬಿಕೊಳ್ಳಲು ಬಾಯಿ ಆಡಿಸುವುದು ಈಗಲೇ. ಇನ್ನೊಂದೂವರೆ ತಿಂಗಳಿಗೆ ಚಳಿ ಬಿದ್ದರೆ ಅವುಗಳ ಹಸಿವೂ ಮಂದ, ನನ್ನ ಮಂಡಿಯೂ ಮಂದ.

ಆದರೆ ಪಂಚಾಂಗ ನೋಡಿ ಹೊಳೆಗೆ ಹೋಗುವ ಕಾಲ ಹೋಯಿತು. ನಮ್ಮ ಶರದೃತು ಆಶ್ವೀಜದಲ್ಲಿಲ್ಲ, ಉಜನಿಯ ಗೇಟಿನಲ್ಲಿದೆ. ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಮುಗಿದ ಆ ಅಣೆಕಟ್ಟು ತುಂಬಿ ಬಾಗಿಲು ತೆರೆದರೆ ಪಂಢರಪುರದ ಘಾಟು ಮುಳುಗುತ್ತದೆ. ಆಮೇಲೆ ಸೀನಾದ ನೀರನ್ನೂ ಕೂಡಿಸಿಕೊಂಡು ಭೀಮೆ ನಮ್ಮ ಮೇಲೆ ಬರುತ್ತಾಳೆ. ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. 2020ರ ಅಕ್ಟೋಬರಿನಲ್ಲಿ, ಗಾಳದವರ ಲೆಕ್ಕದಲ್ಲಿ ಹೊಳೆ ತಿಳಿಯಾಗಬೇಕಿದ್ದ ಹೊತ್ತಿನಲ್ಲೇ ಬಂದ ಮಹಾಪೂರ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಆಮೇಲೆಷ್ಟೋ ದಿನ ದಂಡೆಯ ಜಾಲಿಗಿಡಗಳ ತುದಿಯಲ್ಲಿ ಸೀರೆಯ ಚೂರು, ಗೊಬ್ಬರದ ಚೀಲ, ಯಾರದೋ ಮಗುವಿನ ಅಂಗಿ ಸಿಕ್ಕಿಕೊಂಡು ನೇತಾಡುತ್ತಿದ್ದವು. ನೀರು ಎಷ್ಟೆತ್ತರ ಬಂದಿತ್ತೆಂದು ತಿಳಿಯಲು ಅಳತೆಗೋಲು ಬೇಕಿರಲಿಲ್ಲ, ಕತ್ತೆತ್ತಿ ನೋಡಿದರೆ ಸಾಕಿತ್ತು. ಆ ವರ್ಷ ದೀಪಾವಳಿಯ ಹೊತ್ತಿಗೂ ಗಾಳ ಮುಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ಹೊಳೆಯಿಂದ ಏನನ್ನಾದರೂ ತೆಗೆದುಕೊಳ್ಳುವ ಮೊದಲು ಅದು ತೆಗೆದುಕೊಂಡು ಹೋದದ್ದರ ಲೆಕ್ಕ ಮುಗಿಯಬೇಕಿತ್ತು.

ಈ ವರ್ಷ ಹೊಳೆ ಮನೆಯ ಹೆಣ್ಣುಮಗಳ ಹಾಗೆ ಸೌಮ್ಯವಾಗಿದೆ. ಸೊನ್ನ ಬ್ಯಾರೇಜಿನ ಹಿನ್ನೀರು ಕೆರೆಯಂತೆ ನಿಂತಿದೆ. ಹೊಲದ ಹಳ್ಳವೊಂದು ಬಂದು ಹೊಳೆ ಸೇರುವ ಜಾಗದಲ್ಲಿ ನನ್ನ ಠಿಕಾಣಿ. ಹಳ್ಳದ ನೀರು ಜೊತೆಗೆ ಹುಳಹುಪ್ಪಟೆ ತರುತ್ತದೆ, ಅದಕ್ಕೆ ಸಣ್ಣ ಮೀನು ಬರುತ್ತದೆ, ಸಣ್ಣದಕ್ಕೆ ದೊಡ್ಡದು. ಗಾಳಕ್ಕೆ ನಾನು ಹಚ್ಚುವುದು ಮಾಲದಂಡಿ ಜೋಳದ ಹಿಟ್ಟು. ರೊಟ್ಟಿಗೆ ನಾದುವ ಹಾಗೆಯೇ ಕುದಿಯುವ ಎಸರು ಹಾಕಿ ನಾದಬೇಕು, ಇಲ್ಲದಿದ್ದರೆ ಜಿಗಿ ಬರುವುದಿಲ್ಲ. ಗಾಳ ನೀರಿಗೆ ಮುಟ್ಟುವಷ್ಟರಲ್ಲಿ ಹಿಟ್ಟು ಬಿಟ್ಟುಕೊಂಡು ಹೋಗುತ್ತದೆ. ಒಂದಿಷ್ಟು ಶೇಂಗಾ ಹಿಂಡಿ, ಉಗುರಿನ ತುದಿಯಷ್ಟು ಹಿಂಗು. ಮನೆಯಾಕೆ ಈ ಹಿಂಗಿನ ವಿಷಯದಲ್ಲಿ ಮೊದಲಿನಿಂದಲೂ ತಕರಾರು ಎತ್ತಿದ್ದಾಳೆ. “ನನ್ನ ಬ್ಯಾಳಿಗಿ ಹಾಕೂದಕ್ಕಿಂತ ಹೆಚ್ಚ ಹಿಂಗ ಹೊಳಿಗಿ ಹಾಕ್ತೀರಿ” ಎನ್ನುವುದು ಅವಳ ಮಾತು. ಅಲ್ಲಗಳೆಯುವಂತಿಲ್ಲ.

ಬೆಂಡಿನ ಕುಣಿತದಲ್ಲಿ ಕೆಳಗಿರುವವರು ಯಾರೆಂದು ಹೇಳಬಹುದು. ಜಿಲೇಬಿ ಮೀನು, ಸೊಲ್ಲಾಪುರದವರ ಚಿಲಾಪಿ, ಟುಕುಟುಕು ಎಂದು ಚಿವುಟುತ್ತದೆ. ಬೆಂಡು ಇದ್ದಲ್ಲೇ ನಡುಗುತ್ತದೆ, ಮುಳುಗುವುದಿಲ್ಲ. ಆಫ್ರಿಕಾದಿಂದ 1952ರಲ್ಲಿ ಭಾರತಕ್ಕೆ ತಂದ ಮೀನು ಅದು. ಹೆಣ್ಣು ತನ್ನ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಉಪವಾಸ. ಗೆಂಡೆ ಹಿಟ್ಟನ್ನು ಬಾಯಿಗೆ ಹಾಕಿ, ಉಗುಳಿ, ಮತ್ತೆ ಬಾಯಿಗೆ ಹಾಕಿ ರುಚಿ ನೋಡುತ್ತದೆ. ಬೆಂಡು ಮಲಗುತ್ತದೆ, ಏಳುತ್ತದೆ, ಆಮೇಲೆ ಮೆಲ್ಲಗೆ ಓರೆಯಾಗಿ ಸರಿಯತೊಡಗುತ್ತದೆ. ಎಳೆಯಬೇಕಾದ್ದು ಆಗ. ಎರೆಹುಳ ಕಟ್ಟಿದಾಗ ಬಾಳೆಮೀನು ಬಂದರೆ ಇಂಥ ಯಾವ ಸಭ್ಯತೆಯೂ ಇಲ್ಲ. ಬೆಂಡು ಇತ್ತು, ಇಲ್ಲ. ಕೋಲು ಕೈಯಲ್ಲಿದ್ದರೆ ನಿಮ್ಮ ಪುಣ್ಯ.

ಬೆಂಡು ಹೀಗೆ ಓರೆಯಾಗಿ ಸರಿಯುವ ಹೊತ್ತಿಗೇ ಬೆನ್ನ ಹಿಂದೆ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಬಗೆಗಳಿವೆ. ಹಾಲಿನವನದು ಕನಿಷ್ಠ ಉಪದ್ರವದ ಜಾತಿ, ಕೇಳಿ ಹೋಗುತ್ತಾನೆ. ನಿಂತು ನೋಡುವವನು ಅಪಾಯ. ಐದು ನಿಮಿಷ ಸುಮ್ಮನಿದ್ದು “ಇಲ್ಲಿ ಕುಂತ್ರ ಏನ್ ಬೀಳ್ತಾವ್ರಿ? ಆ ಬಂಡಿಗಲ್ಲಿನ ಕಡಿ ಹಾಕ್ರಿ” ಎನ್ನುತ್ತಾನೆ. ಬಂಡಿಗಲ್ಲಿನ ಕಡೆ ಹೋಗಿ ಕೂತರೆ ಬೇರೊಬ್ಬ ಬಂದು, ಈಗಷ್ಟೇ ಬಿಟ್ಟುಬಂದ ಜಾಗವನ್ನು ತೋರಿಸುತ್ತಾನೆ. ಇನ್ನೊಬ್ಬ ಇತಿಹಾಸಕಾರ. ಅವನ ಸೋದರಮಾವ ಘತ್ತರಗಿಯ ಹತ್ತಿರ ಹಿಡಿದ ಮೀನಿನ ಉದ್ದ ತೋರಿಸಲು ಅವನ ಎರಡು ಕೈ ಸಾಲದೆ ನನ್ನ ಗಾಳದ ಕೋಲನ್ನೂ ಕೇಳಿ ಪಡೆಯುತ್ತಾನೆ. ಎಲ್ಲರಿಗಿಂತ ನನ್ನನ್ನು ಕೆಣಕುವವನು ಅರ್ಥಶಾಸ್ತ್ರಜ್ಞ: “ಗಾಡಿ ಪೆಟ್ರೋಲು, ಹಿಂಡಿ, ನಿಮ್ಮ ದಿನದ ಕೂಲಿ ಹಿಡಿದ್ರ, ಬಜಾರದಾಗ ಎರಡು ಕಿಲೋ ಕಟ್ಲಾ ತಗೋಬಹುದಿತ್ತಲ್ರಿ?” ಬಹುದಿತ್ತು. ದೇವಲ ಗಾಣಗಾಪುರಕ್ಕೆ ಪಾದಯಾತ್ರೆ ಹೋಗುವವರನ್ನು ತಡೆದು ಬಸ್ಸಿನ ಟಿಕೆಟ್ ದರ ಹೇಳುವ ಧೈರ್ಯ ಮಾತ್ರ ಈ ಅರ್ಥಶಾಸ್ತ್ರಜ್ಞನಿಗೆ ಇಲ್ಲ.

ಒಂದು ವಿಚಿತ್ರ ನೋಡಿ. ಮೀನಿನಿಂದಲೇ ಬದುಕುವವರು ಈ ಪ್ರಶ್ನೆ ಕೇಳುವುದಿಲ್ಲ. ಸಂಜೆ ಬಲೆ ಬಿಟ್ಟು ಮುಂಜಾನೆ ಎತ್ತುವ ಅಂಬಿಗರ ಮುದುಕನೊಬ್ಬ ಆಗಾಗ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಾನೆ. ಅಂಬಿಗರ ಚೌಡಯ್ಯನ ಮಾತು ಎಷ್ಟು ಖಾರವೋ ಇವನ ಮಾತು ಅಷ್ಟು ಮಿತ. ನನ್ನ ಬುಟ್ಟಿಯ ಕಡೆ ಅವನ ಕಣ್ಣು ಹೋಗುವುದೇ ಇಲ್ಲ. ನೀರು ನೋಡುತ್ತಾನೆ. “ತಿಳಿ ಆಗ್ಲಿಕತ್ತದ” ಎನ್ನುತ್ತಾನೆ. ನನ್ನ ಹಿಟ್ಟಿನ ಮುದ್ದೆಯಿಂದ ಚಿಟಿಕೆ ಚಿವುಟಿ, ಎರಡು ಬೆರಳ ನಡುವೆ ಉರುಳಿಸಿ, ಮೂಸಿ, “ಹಳೇ ಜ್ವಾಳ” ಎಂದು ತೀರ್ಪು ಕೊಟ್ಟು ಅದನ್ನು ನೀರಿಗೇ ಹಾಕುತ್ತಾನೆ. ಬೀಡಿ ಮುಗಿದ ಮೇಲೆ ಹರಿಗೋಲು ತಿರುಗಿಸಿ ಹೊರಡುತ್ತಾನೆ. ಅವನ ಬಲೆಯಲ್ಲಿ ಎಷ್ಟಿದೆ ಎಂದು ನಾನೂ ಕೇಳುವುದಿಲ್ಲ. ಅದು ಅವನ ಮನೆಯ ಒಲೆಯ ವಿಷಯ. ಒಲೆಯ ವಿಷಯವನ್ನು ಹೊಳೆಯಲ್ಲಿ ಕೂಗಿ ಕೇಳಬಾರದು ಎನ್ನುವಷ್ಟು ಮರ್ಯಾದೆ ನನಗೂ ಇದೆ.

ಇಷ್ಟರಲ್ಲಿ ಮೊಬೈಲು ನಡುಗಿತು. ಟೆಕ್ಸಾಸಿನಲ್ಲಿರುವ ನನ್ನ ಅಳಿಯ, ತಂಗಿಯ ಮಗ, ಒಂದು ವಿಡಿಯೊ ಕಳಿಸಿದ್ದ. ಅಲ್ಲೂ ಈಗ ಇದೇ ಋತು, ಎಲೆಯುದುರುವ ಕಾಲ. ಕ್ರ್ಯಾಪಿ ಎಂಬ ಮೀನಿನ ಬೇಟೆ ಅದು. ಅಂಗೈಯಗಲದ ಚಪ್ಪಟೆ ಮೀನು, ಬೆಳ್ಳಿ ಮೈತುಂಬ ಕಪ್ಪು ಚುಕ್ಕೆ, ಬೆನ್ನ ಮೇಲೆ ಮುಳ್ಳಿನ ಸಾಲು. ದೂರದಿಂದ ನಮ್ಮ ಜಿಲೇಬಿಯ ದಾಯಾದಿ ಎನ್ನಬಹುದು, ಸಂಬಂಧ ಮಾತ್ರ ಏನೂ ಇಲ್ಲ. ತುಟಿ ಕಾಗದದಷ್ಟು ತೆಳುವಂತೆ, ಜೋರಾಗಿ ಎಳೆದರೆ ಹರಿದುಕೊಂಡು ಹೋಗಿಬಿಡುತ್ತದೆ. ನೀರು ತಣ್ಣಗಾಗುತ್ತಿದ್ದಂತೆ ಶ್ಯಾಡ್ ಎಂಬ ಸಣ್ಣ ಮೀನುಗಳು ದೊಡ್ಡ ಜಲಾಶಯದಿಂದ ಹಳ್ಳಗಳ ಬಾಯಿಗೆ ಸರಿಯುತ್ತವೆ, ಅವನ್ನು ಹಿಂಬಾಲಿಸಿ ಕ್ರ್ಯಾಪಿಯೂ ಬರುತ್ತದೆ. ಹಳ್ಳದ ಬಾಯಿ! ನನ್ನ ಠಿಕಾಣಿ! ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ ಮೀನಿನ ಬುದ್ಧಿ ಒಂದೇ ಎಂದು ಖುಷಿಯಾಯಿತು. ಕ್ರಿಸ್‌ಮಸ್ ಮುಗಿದ ಮೇಲೆ ಅಲಂಕಾರದ ಗಿಡಗಳಿಗೆ ಭಾರ ಕಟ್ಟಿ ಅಲ್ಲಿನವರು ಕೆರೆಗೆ ಮುಳುಗಿಸುತ್ತಾರಂತೆ, ಆ ಕೊಂಬೆಗಳ ಮರೆಯಲ್ಲಿ ಕ್ರ್ಯಾಪಿ ಮನೆ ಮಾಡುತ್ತದಂತೆ. ಹಬ್ಬದ ಗಿಡಕ್ಕೆ ಇದಕ್ಕಿಂತ ಸದ್ಗತಿ ಇಲ್ಲ.

ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಅವನು ದೋಣಿಯಲ್ಲಿ ಕೂರಿಸಿದ ಟಿವಿಯನ್ನು ತೋರಿಸಿದ. ಸೋನಾರ್ ಯಂತ್ರ. ನೀರಿನೊಳಗೆ ಮುಂದೆ ಎಷ್ಟು ಅಡಿ ದೂರದಲ್ಲಿ, ಎಷ್ಟು ಆಳದಲ್ಲಿ ಮೀನು ನಿಂತಿದೆ, ಯಾವ ಕಡೆ ತಿರುಗಿತು, ಗಾಳದ ಹತ್ತಿರ ಬಂತೋ ಇಲ್ಲವೋ, ಎಲ್ಲವೂ ಪರದೆಯ ಮೇಲೆ ಆ ಕ್ಷಣದಲ್ಲೇ ಕಾಣುತ್ತದೆ. ಅಳಿಯ ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ದ್ರೌಪದಿಯ ಸ್ವಯಂವರದಲ್ಲಿ ಅರ್ಜುನ ಕೆಳಗೆ ನೀರಿನಲ್ಲಿ ನೆರಳು ನೋಡಿ ಮೇಲಿನ ಮೀನಿಗೆ ಬಾಣ ಬಿಟ್ಟ. ನನ್ನ ಅಳಿಯ ಮೇಲೆ ಪರದೆ ನೋಡಿ ಕೆಳಗಿನ ಮೀನಿಗೆ ದಾರ ಬಿಡುತ್ತಾನೆ. ಅರ್ಜುನನಿಗಾದರೆ ಹೆಂಡತಿ ಸಿಕ್ಕಳು. ಇವನು ಹಿಡಿದ ಮೀನನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, ಫೋಟೋ ತೆಗೆದು, ವಾಪಸು ನೀರಿಗೆ ಬಿಟ್ಟ. ಕೆಳಗೆ ಬರೆದಿದ್ದ: “ಮಾಮಾ, ನಿಮಗ ಎಷ್ಟ ಬಿದ್ದಾವ?”

ಏಳು ಸಮುದ್ರ ದಾಟಿದರೂ ಪ್ರಶ್ನೆ ಬಿಡಲಿಲ್ಲ. ಸೋನಾರ್ ಎಂದರೆ ಇನ್ನೇನು, ದಂಡೆಯ ಮೇಲೆ ನಿಂತು ಕೇಳುವ ಆ ಮನುಷ್ಯನನ್ನೇ ನೀರಿನೊಳಗೆ ಇಳಿಸಿದ್ದಾರೆ. ಬಿದ್ದಾವೋ, ಬೀಳ್ತಾವೋ, ಎಷ್ಟವ ಎಂದು ಕ್ಷಣಕ್ಷಣವೂ ಕೇಳಿ ಹೇಳುತ್ತದೆ. ಅಮೆರಿಕದಲ್ಲಿ ಕೂಡ ಇದಕ್ಕೆ ಮಿತಿ ಹಾಕಬೇಕೋ ಬೇಡವೋ ಎಂದು ಗಾಳದವರಲ್ಲೇ ವಾದ ನಡೆದಿದೆಯಂತೆ. ನನ್ನ ಓಟು ಯಾವ ಕಡೆ ಎಂದು ಹೇಳಬೇಕಿಲ್ಲ.

ನನ್ನ ಪಕ್ಷಕ್ಕೆ ದೊಡ್ಡ ಸಾಕ್ಷಿಯೊಬ್ಬನಿದ್ದಾನೆ, ಅವನೂ ನಮ್ಮ ಕಡೆಯವನೇ. ಇಲ್ಲಿಂದ ಆಳಂದ ದಾಟಿ ಬಡಗಣಕ್ಕೆ ಹೋದರೆ ಬಸವಕಲ್ಯಾಣ. ಬಸವಣ್ಣನವರಿಗಿಂತ ಮೊದಲು ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಬಿರುದು ಭೂಲೋಕಮಲ್ಲ. ಆಳಿದ್ದು 1126ರಿಂದ 1138. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯ. ರಾಜ್ಯ ಗಳಿಸುವುದು, ಉಳಿಸುವುದು ಎಲ್ಲ ಇದ್ದಾವೆ; ಮುಂದೆ ಊಟ, ಉಡುಪು, ಸುಗಂಧ. ಅವುಗಳ ಜೊತೆಗೆ ಮತ್ಸ್ಯವಿನೋದ ಎಂದು ಒಂದು ಅಧ್ಯಾಯ, ಪೂರ್ತಿ ಗಾಳದ ಮೇಲೆ. ಮೂವತ್ತೈದರಷ್ಟು ಬಗೆಯ ಮೀನುಗಳ ಹೆಸರು, ಹೊಳೆಯದು ಯಾವುದು ಕಡಲದು ಯಾವುದು, ಹುರುಪೆಯಿದ್ದದ್ದು ಯಾವುದು ಇಲ್ಲದ್ದು ಯಾವುದು, ಯಾವುದಕ್ಕೆ ಏನು ತಿನ್ನಿಸಿ ಬರಮಾಡಿಕೊಳ್ಳಬೇಕು, ಕೋಲು ಹೇಗಿರಬೇಕು, ದಾರ ಹೇಗಿರಬೇಕು. ಮೀನುಶಾಸ್ತ್ರದ ದೊಡ್ಡ ವಿದ್ವಾಂಸ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಪ್ರಬಂಧವನ್ನೇ ಬರೆದರು.

ತೆಂಕಣದಲ್ಲಿ ಹೊಯ್ಸಳ ವಿಷ್ಣುವರ್ಧನ ಸ್ವತಂತ್ರನಾಗಲು ಹೊಂಚುತ್ತಿದ್ದಾಗ ಈ ರಾಜ ಮೀನಿಗೆ ಯಾವ ಉಂಡೆ ಎಂದು ಯೋಚಿಸುತ್ತಿದ್ದ ಎಂದು ಇತಿಹಾಸದ ಮಾಸ್ತರರು ಮೂಗು ಮುರಿಯಬಹುದು. ಮುರಿಯಲಿ. ನನಗೆ ಮುಖ್ಯವಾದದ್ದು ಅವನು ಗಾಳವನ್ನು ಎಲ್ಲಿ ಇಟ್ಟ ಎಂಬುದು. ಬೊಕ್ಕಸದ ಅಧ್ಯಾಯದಲ್ಲಿಡಲಿಲ್ಲ, ಸಂಗೀತ, ನೃತ್ಯ, ಕಥೆಗಳ ಸಾಲಿನಲ್ಲಿ, ವಿನೋದಗಳ ಭಾಗದಲ್ಲಿಟ್ಟ. ವೀಣೆ ಬಾರಿಸಿ ಎದ್ದವನನ್ನು “ಎಷ್ಟು ಬಿದ್ದವು?” ಎಂದು ಕೇಳುತ್ತಾರೇನು?

ಇದೇ ಕಲ್ಯಾಣದಲ್ಲಿ, ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಎಂಬ ನ್ಯಾಯ. ಅಂದರೆ ಒಂದೇ ಪಟ್ಟಣದಿಂದ, ತಂದೆ-ಮಗನ ಎರಡು ಆಳ್ವಿಕೆಗಳಲ್ಲಿ, ಎರಡು ಪುಸ್ತಕ ಹೊರಟವು: ಒಂದು ಆಸ್ತಿ ಹಂಚಿಕೊಳ್ಳುವುದು ಹೇಗೆ ಎಂದು, ಇನ್ನೊಂದು ಗಾಳ ಹಾಕುವುದು ಹೇಗೆ ಎಂದು. ನಮ್ಮ ಜನ ಯಾವುದನ್ನು ಹಿಡಿದುಕೊಂಡರು ಎಂಬುದಕ್ಕೆ ತಾಲ್ಲೂಕಿನ ಕೋರ್ಟಿನ ಮುಂದೆ ಒಂದು ಸೋಮವಾರ ನಿಂತು ನೋಡಿದರೆ ಸಾಕು. ಹೊಳೆದಂಡೆಯ ಎರಡೆಕರೆ ಎರೆಹೊಲಕ್ಕೆ ಅಣ್ಣತಮ್ಮಂದಿರು ತಲೆಮಾರುಗಟ್ಟಲೆ ಪಾಲುವಾಟ್ನಿ ದಾವೆ ಹೂಡಿ ಓಡಾಡುತ್ತಾರೆ. ಅದೇ ದಂಡೆಯಲ್ಲಿ ಕೂತು ಗಾಳ ಹಾಕಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದರು. ಮಿತಾಕ್ಷರಾ ನಡೆಯದೆ ದಾಯಭಾಗ ನಡೆದದ್ದು ಬಂಗಾಳದಲ್ಲಿ. ಅಲ್ಲಿಯವರ ಮೀನಿನ ಪ್ರೀತಿ ಲೋಕಕ್ಕೇ ಗೊತ್ತು. ಇದು ಕಾಕತಾಳೀಯ ಎಂದು ವಕೀಲರು ಹೇಳಿಯಾರು; ಅವರು ಹೇಳಲೇಬೇಕು, ಅವರ ಗಾಳಕ್ಕೆ ಬೀಳುವುದು ನಾವೇ ತಾನೆ.

ಸೋಮೇಶ್ವರನ ಕಾಲಕ್ಕೂ ಇಂದಿಗೂ ಗಾಳದ ನಿಜವಾದ ಉಪಯೋಗ ಒಂದೇ ಇರಬೇಕು ಎಂಬುದು ನನ್ನ ಗುಮಾನಿ. ಮೀನು ನೆಪ. ಸುಮ್ಮನೆ ಕೂರುವುದಕ್ಕೆ ಅದೊಂದು ಪರವಾನಗಿ. ನಾಳೆ ಗಾಳವಿಲ್ಲದೆ ಅದೇ ಹಳ್ಳದ ಬಾಯಲ್ಲಿ ನಾನು ನೀರು ನೋಡುತ್ತ ಎರಡು ತಾಸು ಕೂತೆನೆನ್ನಿ. ಮೊದಲು ನಿಲ್ಲುವ ಮೋಟರ್‌ಸೈಕಲ್ಲಿನವನು ಎಂಜಿನ್ ಬಂದ್ ಮಾಡಿ ಕೆಳಗಿಳಿದು ಬರುತ್ತಾನೆ, “ಮನ್ಯಾಗ ಏನರ ಆಗೇದೇನ್ರಿ?” ಎಂದು ಮೆಲ್ಲಗೆ ಕೇಳುತ್ತಾನೆ, ನನ್ನ ಮಗನ ನಂಬರು ಕೇಳುತ್ತಾನೆ. ಮೇಲಾಗಿ ನಮ್ಮದು ಭೀಮಾತೀರ. ಹೊರಗಿನವರಿಗೆ ಈ ದಂಡೆಯ ಹೆಸರು ಗೊತ್ತಿರುವುದೇ ಪಿಸ್ತೂಲು, ಪೊಲೀಸ್ ಸುದ್ದಿಗಳಿಂದ. 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಸಿನಿಮಾ ಬಂದ ಮೇಲಂತೂ ಕೇಳಲೇಬೇಡಿ. ಇಂಥ ದಂಡೆಯಲ್ಲಿ ಕೆಲಸವಿಲ್ಲದೆ ಕೂತವನ ಮೇಲೆ ಯಾರಿಗಾದರೂ ಸಂಶಯ ಬರುವುದೇ. ಕೈಯಲ್ಲೊಂದು ಬಿದಿರಿನ ಕೋಲು ಇದ್ದರೆ ಎಲ್ಲ ಸಮಾಧಾನ. ಮುದುಕ ಮೀನು ಹಿಡಿಯುತ್ತಿದ್ದಾನೆ, ಅಷ್ಟೇ.

ಹಿಂದೆ ನಮ್ಮ ಕಡೆ ಇಂಥ ಪರವಾನಗಿಗಳು ಬೇಕಾದಷ್ಟಿದ್ದವು. ಎಲ್ಲಕ್ಕಿಂತ ಮೇಲಿನದು ಹಕ್ಕಿ ಕಾಯುವುದು. ಹಿಂಗಾರಿ ಜೋಳ ತೆನೆ ಹಿರಿದು ಹಾಲುಗಾಳಾದಾಗ ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಮಂಚಿಗೆ ಕಟ್ಟುತ್ತಿದ್ದರು. ಮನೆಯಲ್ಲಿ ಬೇರೆ ಯಾವ ಕೆಲಸಕ್ಕೂ ಒದಗದವರನ್ನು, ಒಬ್ಬ ಅಜ್ಜ, ಶಾಲೆ ಬಿಟ್ಟ ಒಬ್ಬ ಹುಡುಗ, ಅದರ ಮೇಲೆ ಹತ್ತಿಸುತ್ತಿದ್ದರು. ಕೈಯಲ್ಲಿ ಕವಣೆ, ಮಡಿಲಲ್ಲಿ ಕಲ್ಲು, ಕೆಳಗೆ ಕುಳ್ಳಿನ ಬೆಂಕಿಯಲ್ಲಿ ಸೀತನಿ ಸುಡುವ ವಾಸನೆ. ಗಿಳಿಯ ಹಿಂಡು ಬಂದಾಗ ಹೋ ಎಂದು ಒಮ್ಮೆ ಕೂಗಬೇಕು, ಒಂದು ಕಲ್ಲು ಬೀಸಬೇಕು. ಉಳಿದ ಹೊತ್ತೆಲ್ಲ ಸ್ವಂತದ್ದು. ಎಷ್ಟು ಹಕ್ಕಿ ಓಡಿಸಿದೆ ಎಂದು ಆ ಅಜ್ಜನನ್ನು ಯಾರೂ ಕೇಳಿದ್ದನ್ನು ನಾನು ಕಾಣೆ. ಎತ್ತರದಲ್ಲಿ ಕೂತವನನ್ನು ಕೇಳುವುದು ಕಷ್ಟವೂ ಹೌದು.

ಈಗ ಜೋಳದ ಹೊಲಗಳು ಕಿರಿದಾಗುತ್ತ ಬಂದಿವೆ. ಮೇಲೆ ತೊಗರಿ; 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಬಿತ್ತು, ಸಂತೋಷ. ನೀರಿದ್ದ ಕಡೆ ಕಬ್ಬು. ಎಕರೆಗೆ ಎಷ್ಟು ಚೀಲ, ಟನ್ನಿಗೆ ಎಷ್ಟು ದರ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಈ ಬೆಳೆ ಬದಲಾವಣೆಯಲ್ಲಿ ಊರಿಗೆ ಎಷ್ಟು ಮಂಚಿಗೆಗಳು ನಷ್ಟವಾದವು ಎಂಬುದು ಮಾತ್ರ ಯಾವ ಕೃಷಿ ಇಲಾಖೆಯ ವರದಿಯಲ್ಲೂ ಬರುವುದಿಲ್ಲ. ತೊಗರಿಗೆ ಬರುವ ವೈರಿ ಕಾಯಿಕೊರಕ ಹುಳ. ಅದನ್ನು ಕವಣೆ ಬೀಸಿ ಓಡಿಸಲಾಗದು, ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲು ಸಾಲು ಸುತ್ತಬೇಕು. ಕಬ್ಬಿಗೆ ಹಂದಿ ಬರುತ್ತದೆ, ನಿಜ, ಅದನ್ನು ಕಾಯಲು ಆಳೂ ಬೇಕು. ಆದರೆ ಹಂದಿ ಬರುವುದು ರಾತ್ರಿ. ಬ್ಯಾಟರಿ, ಪಟಾಕಿ, ನಿದ್ದೆಗೇಡು, ಬೆಳಗಾದರೆ ಮಾಲೀಕನ ವಿಚಾರಣೆ. ಅದಕ್ಕೆ ಪಗಾರ ಕೊಡುತ್ತಾರಂತೆ. ಕೊಡಲೇಬೇಕು, ಅದು ನೌಕರಿ.